ಫೋನಿನೊಳಗಿರುವ ಅಮಾನತ್

(ಜುಮಾ ಖುತ್ಬಾದ ಸಾರಾಂಶ)

ಸಕಲ ಸ್ತುತಿಗಳೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಶಾಂತಿ ಹಾಗೂ ಅನುಗ್ರಹಗಳು ಸದಾ ಇರಲಿ. ಮೊದಲು ನಮಗೆ ನಾವೇ, ಬಳಿಕ ನಿಮ್ಮೆಲ್ಲರಿಗೂ ತಕ್ವಾದ ಉಪದೇಶ ಮಾಡುತ್ತಿದ್ದೇವೆ.



ಇಂದಿನ ವಿಷಯವನ್ನು ನಮ್ಮ ಮುಂದಿಟ್ಟವರು ಒಬ್ಬ ತಾಯಿ. ಕೆಲವು ವಾರಗಳ ಹಿಂದೆ ಅವರು ನಮ್ಮನ್ನು ಕಾಣಲು ಬಂದಿದ್ದರು. ನಾವು ಹಿಂದೆ ಸೇವೆ ಸಲ್ಲಿಸಿದ ಊರೊಂದರವರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಯಾರಿರಬಹುದು, ಯಾವ ಊರಿರಬಹುದು ಎಂದು ಹುಡುಕುವ ಗೋಜಿಗೆ ದಯವಿಟ್ಟು ಯಾರೂ ಹೋಗಬೇಡಿ.

ಹನ್ನೆರಡು ವರ್ಷಗಳ ಹಿಂದೆ ಅವರ ಪುಟ್ಟ ಮಗಳಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ತಂದೆ ಕೂಲಿ ಕೆಲಸದವರು. ಹಣ ಒಟ್ಟುಗೂಡಿಸಲು ಜಮಾಅತಿನಿಂದ ವಾಟ್ಸ್ಯಾಪ್‌ನಲ್ಲಿ ಒಂದು ಮನವಿ ಹೋಯಿತು. ಹಾಸಿಗೆಯಲ್ಲಿ ಮಲಗಿದ್ದ ಮಗುವಿನ ಫೋಟೊ, ಅವಳ ಹೆಸರು, ತಂದೆಯ ಹೆಸರು, ಮನೆಯ ವಿಳಾಸ, ವೈದ್ಯರ ವರದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕಾರ್ಡ್ ಎಲ್ಲವೂ ಅದರಲ್ಲಿದ್ದವು. ಆ ಮನವಿಯನ್ನು ಬರೆದುಕೊಟ್ಟವರು ಬೇರಾರೂ ಅಲ್ಲ, ನಾವೇ. ಅಂದು ಅದರಲ್ಲಿ ತಪ್ಪೇನಾದರೂ ಇದೆ ಎಂದು ನಮಗೆ ಅನಿಸಿರಲಿಲ್ಲ.

ಅಲ್‌ಹಮ್ದುಲಿಲ್ಲಾಹ್, ಹಣ ಸೇರಿತು, ಮಗು ಗುಣವಾಯಿತು. ನಾವೆಲ್ಲ ಸಂತೋಷಪಟ್ಟು ಸುಮ್ಮನಾದೆವು. ಆದರೆ ಮನವಿ ಅಲ್ಲಿಗೆ ನಿಲ್ಲಲಿಲ್ಲ. ಒಂದು ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ಹೋಗುತ್ತಲೇ ಇತ್ತು. ಎರಡು ವರ್ಷದ ನಂತರ ಯಾರೋ ಖಾತೆ ಸಂಖ್ಯೆಯನ್ನು ಮಾತ್ರ ಬದಲಾಯಿಸಿ, ಅದೇ ಮಗುವಿನ ಫೋಟೊ ತೋರಿಸಿ ಹಣ ಎತ್ತಿದರು. ಜನರು ಬೈದದ್ದು ಆ ಕುಟುಂಬವನ್ನು. ಈಗ ಆ ಮಗು ಪದವಿ ಓದುತ್ತಿರುವ ಹೆಣ್ಣುಮಗಳು. ನಿಕಾಹ್ ಮಾತುಕತೆ ನಡೆದಿತ್ತು. ಚಿಕ್ಕಂದಿನ ಕಾಯಿಲೆಯ ವಿಷಯವನ್ನು ಇವರು ಹುಡುಗನ ಹೆತ್ತವರಿಗೆ ಮೊದಲೇ ಹೇಳಿದ್ದರು, ಅವರು ಒಪ್ಪಿಯೂ ಇದ್ದರು. ಅಷ್ಟರಲ್ಲಿ ಆ ಹಳೆಯ ಫೋಟೊ ಹುಡುಗನ ಬಂಧುಗಳ ಗ್ರೂಪಿಗೆ ಬಂದು ಬಿತ್ತು. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಎರಡು ಸೇರಿಸಿದರು. ಸಂಬಂಧ ತಪ್ಪಿಹೋಯಿತು.

ಆ ತಾಯಿ ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಹೇಳಿದ್ದು ಇಷ್ಟೇ: "ಉಸ್ತಾದರೇ, ನನ್ನ ಮಗಳ ಜೀವ ಉಳಿಸಲು ಓಡಾಡಿದವರು ನೀವೆಲ್ಲ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಆ ಫೋಟೊವನ್ನು ಒಮ್ಮೆ ಎಲ್ಲ ಕಡೆಯಿಂದ ತೆಗೆಸಿಕೊಡಲು ಆಗುತ್ತದಾ?"

ನಮ್ಮ ಬಳಿ ಉತ್ತರವಿರಲಿಲ್ಲ. ಸಾವಿರಾರು ಫೋನುಗಳಿಗೆ ಹೋದದ್ದನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಈಗ ಆ ಸಾಲಿಗೆ ಫೋಟೊವನ್ನೂ ಸೇರಿಸಬೇಕಾಗಿದೆ.

ಬಾಗಿಲ ಬಳಿ ನಿಂತು ಅನುಮತಿ ಕೇಳುವುದು

ಖಾಸಗಿತನ ಎಂಬುದು ಪಾಶ್ಚಾತ್ಯರಿಂದ ಬಂದ ಹೊಸ ವಿಚಾರ ಎಂದು ನಮ್ಮಲ್ಲಿ ಕೆಲವರು ಭಾವಿಸಿದ್ದಾರೆ. ಹಾಗಲ್ಲ. ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ, ಇತರರ ಮನೆಯೊಳಗೆ ಹೋಗುವ ಮೊದಲು ಅನುಮತಿ ಪಡೆಯಬೇಕು, ಮನೆಯವರಿಗೆ ಸಲಾಮ್ ಹೇಳಬೇಕು ಎಂದು ಆಜ್ಞಾಪಿಸಿದ್ದಾನೆ. ಮನೆಯವರು ಹಿಂದಿರುಗಿ ಎಂದರೆ ಬೇಸರಿಸದೆ ಹಿಂದಿರುಗಬೇಕು. ಅದೇ ಸೂರಃದಲ್ಲಿ ಇನ್ನೂ ಸೂಕ್ಷ್ಮವಾದ ನಿರ್ದೇಶವಿದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಮತ್ತು ಇಶಾದ ಬಳಿಕ, ಈ ಮೂರು ಸಮಯಗಳಲ್ಲಿ ಮನೆಯ ಮಕ್ಕಳು ಕೂಡ ಅನುಮತಿ ಕೇಳದೆ ಹಿರಿಯರ ಕೋಣೆಗೆ ಬರಬಾರದು. ಒಂದೇ ಸೂರಿನಡಿಯಲ್ಲಿ ವಾಸಿಸುವವರ ನಡುವೆಯೂ ಒಂದು ಪರದೆ ಇರಬೇಕು ಎಂಬುದು ಇದರ ಪಾಠ.

ಒಮ್ಮೆ ಪ್ರವಾದಿ(ಸ)ರ ಮನೆಯ ಬಾಗಿಲಿನ ರಂಧ್ರದಿಂದ ಒಬ್ಬಾತ ಒಳಗೆ ಇಣುಕಿದ. ಆಗ ಪ್ರವಾದಿ(ಸ)ರ ಕೈಯಲ್ಲಿ ತಲೆ ಬಾಚುವ ಒಂದು ಸಾಧನವಿತ್ತು. ನೀನು ಇಣುಕುತ್ತಿರುವುದು ಗೊತ್ತಾಗಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆ ಎಂಬರ್ಥದ ಕಠಿಣ ಮಾತನ್ನು ಅವರು ಹೇಳಿದರು. ಅನುಮತಿ ಕೇಳಬೇಕು ಎಂಬ ನಿಯಮ ಇರುವುದೇ ದೃಷ್ಟಿಯ ಕಾರಣಕ್ಕೆ ಎಂದೂ ತಿಳಿಸಿದರು. ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಕರುಣೆಯ ಮೂರ್ತಿಯಾಗಿದ್ದ ಪ್ರವಾದಿ(ಸ) ಇಷ್ಟು ಕಠಿಣವಾಗಿ ಮಾತನಾಡಿದ ಸಂದರ್ಭಗಳು ಬಹಳ ಕಡಿಮೆ.

ಇಂದು ಮನೆಯ ಬಾಗಿಲು ಕೈಯಲ್ಲಿರುವ ಫೋನಿಗೆ ಬಂದಿದೆ. ಪಕ್ಕದಲ್ಲಿ ಕುಳಿತವರ ಪರದೆಯನ್ನು ಓರೆಗಣ್ಣಿನಿಂದ ಓದುವುದು, ಚಾರ್ಜ್‌ಗೆ ಇಟ್ಟ ಫೋನನ್ನು ತೆರೆದು ನೋಡುವುದು, ಇನ್ನೊಬ್ಬರ ವಾಟ್ಸ್ಯಾಪನ್ನು ಅವರಿಗೆ ತಿಳಿಯದಂತೆ ನಮ್ಮ ಕಂಪ್ಯೂಟರಿಗೆ ಜೋಡಿಸಿಕೊಳ್ಳುವುದು, ಇವೆಲ್ಲ ಬಾಗಿಲಿನ ರಂಧ್ರದಿಂದ ಇಣುಕುವುದೇ. ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಸಂಶಯ, ಗೂಢಚರ್ಯೆ ಮತ್ತು ಪರದೂಷಣೆ ಈ ಮೂರನ್ನೂ ಒಂದೇ ವಚನದಲ್ಲಿ ನಿಷೇಧಿಸಿದ್ದಾನೆ. ಅನುಭವದಲ್ಲೂ ಅದು ಹಾಗೆಯೇ ನಡೆಯುತ್ತದೆ. ಮೊದಲು ಸಂಶಯ ಹುಟ್ಟುತ್ತದೆ, ಬಳಿಕ ಕೈ ಇನ್ನೊಬ್ಬರ ಫೋನಿಗೆ ಹೋಗುತ್ತದೆ, ಕೊನೆಗೆ ಸ್ಕ್ರೀನ್‌ಶಾಟ್ ಮೂರನೆಯವರಿಗೆ ತಲುಪುತ್ತದೆ.

ನಮ್ಮ ಫೋನಿನಲ್ಲಿರುವುದು ನಮ್ಮದು ಮಾತ್ರವಲ್ಲ

ಖಾಸಗಿತನದ ಬಗ್ಗೆ ಕೇಳಿದರೆ ನಮ್ಮ ಯುವಕರು ಹೇಳುವುದು ಒಂದೇ ಮಾತು: ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಯಾರು ನೋಡಿದರೆ ನನಗೇನು? ಸರಿ, ನಿಮ್ಮದು ಏನೂ ಇಲ್ಲದಿರಬಹುದು. ಆದರೆ ನಿಮ್ಮ ಫೋನಿನಲ್ಲಿ ಯಾರ್‍ಯಾರು ಇದ್ದಾರೆ ಎಂದು ಒಮ್ಮೆ ನೋಡಿ. ತಂಗಿಯ ಫೋಟೊ ಇದೆ, ತಾಯಿಯ ರಕ್ತ ಪರೀಕ್ಷೆಯ ವರದಿ ಇದೆ, ಗೆಳೆಯನು ಸಾಲ ಕೇಳಿ ಕಳುಹಿಸಿದ ವಾಯ್ಸ್ ಮೆಸೇಜ್ ಇದೆ, ಗಲ್ಫ್‌ನಲ್ಲಿರುವ ಅಣ್ಣನ ಪಾಸ್‌ಪೋರ್ಟ್ ಪ್ರತಿ ಇದೆ, ನೂರಾರು ಜನರ ನಂಬರ್ ಇದೆ. ಇವೆಲ್ಲ ನಮ್ಮ ಬಳಿ ಇರುವ ಅಮಾನತ್. ಇನ್ನೊಬ್ಬರು ನಂಬಿ ಇಟ್ಟ ವಸ್ತುವನ್ನು ಬೀದಿಯಲ್ಲಿ ಹರಡಿ, ನನ್ನದೇನೂ ಹೋಗಲಿಲ್ಲವಲ್ಲ ಎನ್ನುವುದು ಸತ್ಯವಿಶ್ವಾಸಿಯ ಮಾತಲ್ಲ.

ಇದಕ್ಕೆ ಒಂದು ಲೆಕ್ಕ ಹೇಳುತ್ತೇವೆ. 2018ರಲ್ಲಿ ಕೇಂಬ್ರಿಡ್ಜ್ ಅನಾಲಿಟಿಕಾ ಎಂಬ ಕಂಪೆನಿಯ ಹೆಸರು ಜಗತ್ತಿನಾದ್ಯಂತ ಸುದ್ದಿಯಾಯಿತು. ಫೇಸ್‌ಬುಕ್‌ನಲ್ಲಿ ನಿಮ್ಮ ವ್ಯಕ್ತಿತ್ವ ಎಂಥದ್ದು ಎಂದು ತಿಳಿಸುವ ಒಂದು ರಸಪ್ರಶ್ನೆಯ ಆ್ಯಪ್ ಇತ್ತು. ಅದಕ್ಕೆ ಅನುಮತಿ ಕೊಟ್ಟವರ ಮಾಹಿತಿಯಷ್ಟೇ ಅಲ್ಲ, ಅವರ ಸ್ನೇಹಿತರ ಮಾಹಿತಿಯೂ ಅದರ ಮೂಲಕ ಹೊರಗೆ ಹೋಯಿತು, ರಾಜಕೀಯ ಪ್ರಚಾರದ ಕೆಲಸ ಮಾಡುವವರ ಕೈ ಸೇರಿತು. ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದ ಪ್ರಕಾರ, ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಬರೀ 335 ಮಂದಿ. ಆದರೆ ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಅಂದರೆ ಒಬ್ಬೊಬ್ಬನು ಆಟಕ್ಕೆಂದು ಒತ್ತಿದ ಒಂದು ಗುಂಡಿಯಿಂದ ಸರಾಸರಿ ಸಾವಿರದ ಆರುನೂರಕ್ಕೂ ಹೆಚ್ಚು ಜನರ ಮಾಹಿತಿ ಅಪಾಯಕ್ಕೆ ಸಿಕ್ಕಿತು. ಅವರನ್ನು ಯಾರೂ ಕೇಳಿರಲಿಲ್ಲ. ಅವರು ಮಾಡಿದ್ದ ತಪ್ಪೆಂದರೆ ಅಜಾಗರೂಕನೊಬ್ಬನ ಸ್ನೇಹಿತರ ಪಟ್ಟಿಯಲ್ಲಿ ಇದ್ದದ್ದು.

ದೀನಿನ ಹೆಸರಿನ ಆ್ಯಪ್ ಆದರೆ ಭಯವಿಲ್ಲ ಎಂದೂ ತಿಳಿಯಬಾರದು. ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸುವ ಮುಸ್ಲಿಮ್ ಪ್ರೊ ಆ್ಯಪ್ ತನ್ನ ಬಳಕೆದಾರರು ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಕಂಪೆನಿಗೆ ಕೊಡುತ್ತಿತ್ತು, ಆ ಕಂಪೆನಿಯಿಂದ ಅಂಥ ಮಾಹಿತಿ ಅಮೆರಿಕದ ಸೇನೆಯ ಗುತ್ತಿಗೆದಾರರವರೆಗೂ ಹೋಗುತ್ತಿತ್ತು ಎಂದು 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಸುದ್ದಿತಾಣ ವರದಿ ಮಾಡಿತು. ವರದಿ ಬಂದ ಬಳಿಕ ಆ್ಯಪ್‌ನವರು ಇಂಥ ಕಂಪೆನಿಗಳೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಪ್ರಕಟಿಸಿದರು. ಯಾವ ಆ್ಯಪ್ ಕೇಳಿದರೂ ಎಲ್ಲದಕ್ಕೂ ಹೂಂ ಎನ್ನುವ ಅಭ್ಯಾಸ ನಮಗಿರಬಾರದು.

ಗುಟ್ಟು ಕಾಯುವುದನ್ನು ಸಹಾಬಿಗಳ ಮನೆಗಳಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸಲಾಗುತ್ತಿತ್ತು. ಹ. ಅನಸ್(ರ) ಬಾಲಕರಾಗಿದ್ದಾಗ ಪ್ರವಾದಿ(ಸ) ಅವರನ್ನು ಯಾವುದೋ ಕೆಲಸಕ್ಕೆ ಕಳುಹಿಸಿದರು. ಮನೆಗೆ ಬರುವುದು ತಡವಾಯಿತು. ತಾಯಿ ಕಾರಣ ಕೇಳಿದಾಗ, ಪ್ರವಾದಿಯವರ ಕೆಲಸಕ್ಕೆ ಹೋಗಿದ್ದೆ, ಅದು ಗುಟ್ಟು ಎಂದರು. ಆ ತಾಯಿ ಕೆದಕಿ ಕೇಳಲಿಲ್ಲ. ಪ್ರವಾದಿಯವರ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನಿಗೆ ತಿಳಿಹೇಳಿದರು. ಅನಸ್(ರ) ವೃದ್ಧಾಪ್ಯದವರೆಗೂ ಅದನ್ನು ಯಾರಿಗೂ ಹೇಳಲಿಲ್ಲ. ಇನ್ನೊಂದು ಹದೀಸ್ ಇದೆ. ಒಬ್ಬ ವ್ಯಕ್ತಿ ಮಾತನಾಡುತ್ತಾ ಆಚೀಚೆ ನೋಡಿದರೆ ಆ ಮಾತು ಕೇಳಿಸಿಕೊಂಡವನ ಬಳಿ ಅಮಾನತ್ ಆಗಿಬಿಡುತ್ತದೆ. ಇದು ಗುಟ್ಟು ಎಂದು ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಅವನು ತಿರುಗಿ ನೋಡಿದ್ದೇ ಸಾಕು. ಇಂದು ಒಬ್ಬರು ಗ್ರೂಪಿನಲ್ಲಿ ಹಾಕದೆ ನಮಗೊಬ್ಬರಿಗೇ ಸಂದೇಶ ಕಳುಹಿಸಿದರೆ, ಅದೂ ಆಚೀಚೆ ನೋಡಿ ಮಾತನಾಡಿದಂತೆಯೇ.

ಕದ್ದವರನ್ನು ಬಿಟ್ಟು ಕಳೆದುಕೊಂಡವರನ್ನು ದೂರಬೇಡಿ

2021ರ ಜುಲೈಯಲ್ಲಿ ಮತ್ತು 2022ರ ಜನವರಿ 1ರಂದು ನಮ್ಮ ದೇಶದಲ್ಲಿ ಏನು ನಡೆಯಿತೆಂದು ನಿಮಗೆ ನೆನಪಿರಬಹುದು. ಮುಸ್ಲಿಮ್ ಮಹಿಳೆಯರ ಫೋಟೊಗಳನ್ನು ಅವರ ಸಾಮಾಜಿಕ ಜಾಲತಾಣದ ಖಾತೆಗಳಿಂದ ಕದ್ದು, ಹರಾಜಿಗಿದ್ದಾರೆ ಎಂದು ಆ್ಯಪ್‌ಗಳಲ್ಲಿ ಪ್ರದರ್ಶಿಸಲಾಯಿತು. ಆ ಆ್ಯಪ್‌ಗಳ ಹೆಸರನ್ನು ಈ ಮಿಂಬರ್‌ನಿಂದ ಉಚ್ಚರಿಸಲು ನಾವು ಬಯಸುವುದಿಲ್ಲ, ಆ ಹೆಸರುಗಳೇ ಬೈಗುಳ. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು ಅದರಲ್ಲಿದ್ದರು. ಕಾಣೆಯಾದ ಮಗನಿಗಾಗಿ ವರ್ಷಗಳಿಂದ ಅಲೆಯುತ್ತಿದ್ದ ಒಬ್ಬ ವೃದ್ಧ ತಾಯಿಯ ಚಿತ್ರವನ್ನೂ ಆ ಪಾಪಿಗಳು ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ನಮ್ಮವರ ಬಾಯಿಂದಲೇ ಒಂದು ಮಾತು ಕೇಳಿಬಂತು: ಈ ಹೆಣ್ಣುಮಕ್ಕಳು ಫೋಟೊ ಹಾಕಿದ್ದೇಕೆ? ಸಹೋದರರೇ, ಮನೆಗೆ ಕಳ್ಳ ನುಗ್ಗಿದಾಗ ಕಿಟಕಿ ಏಕೆ ಇಟ್ಟಿರಿ ಎಂದು ಮನೆಯವರನ್ನು ಕೇಳುವುದು ನ್ಯಾಯವೇ? ಎಚ್ಚರಿಕೆ ಬೇರೆ, ಆರೋಪ ಬೇರೆ. ಎಚ್ಚರಿಕೆಯ ಮಾತನ್ನು ಮೊದಲೇ ಹೇಳಬೇಕು, ಗಂಡುಮಕ್ಕಳಿಗೂ ಹೇಳಬೇಕು. ಅನ್ಯಾಯವಾದ ಮೇಲೆ ಆರೋಪ ಹೋಗಬೇಕಾದ್ದು ಅನ್ಯಾಯ ಮಾಡಿದವನ ಮೇಲೆ. ಅಂದು ಸಂತ್ರಸ್ತ ಮಹಿಳೆಯರು ಹೆದರಿ ಮೂಲೆ ಸೇರಲಿಲ್ಲ. ದೂರು ಕೊಟ್ಟರು, ಬಹಿರಂಗವಾಗಿ ಮಾತನಾಡಿದರು. ಪೊಲೀಸರು ಬಂಧಿಸಿದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಫೋಟೊವನ್ನು ತಿರುಚಿ ಬೆದರಿಸುವವನ ದೊಡ್ಡ ಬಲ ಎಂದರೆ ಹುಡುಗಿಗೆ ತನ್ನ ಮನೆಯವರ ಬಗ್ಗೆ ಇರುವ ಭಯ. ಅಪ್ಪನಿಗೆ ಗೊತ್ತಾದರೆ ಓದು ನಿಲ್ಲಿಸುತ್ತಾರೆ, ಅಣ್ಣನಿಗೆ ಗೊತ್ತಾದರೆ ಹೊಡೆಯುತ್ತಾನೆ ಎಂದು ಅವಳು ಬಾಯಿ ಮುಚ್ಚಿಕೊಂಡಷ್ಟೂ ಬೆದರಿಸುವವನ ಕೈ ಮೇಲಾಗುತ್ತದೆ. ಏನೇ ಆದರೂ ಮೊದಲು ನನ್ನ ಬಳಿ ಬಾ ಮಗಳೇ, ನಾನು ನಿನ್ನ ಜೊತೆಗಿದ್ದೇನೆ ಎಂದು ತಂದೆಯಾದವರು ಇಂದೇ ಮನೆಗೆ ಹೋಗಿ ಹೇಳಿ. ಮಗನಿಗೂ ಹೇಳಿ. ವಿಡಿಯೊ ಕಾಲ್‌ನಲ್ಲಿ ಬಲೆಗೆ ಕೆಡವಿ ಹಣ ಕೀಳುವವರ ಕೈಗೆ ನಮ್ಮ ಗಂಡುಮಕ್ಕಳೂ ಸಿಗುತ್ತಿದ್ದಾರೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದೂ ನಮಗೆ ಗೊತ್ತಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪೀಠದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಕಂಪೆನಿಗಳು ನಮ್ಮ ಮಾಹಿತಿಯನ್ನು ಬಳಸಲು ನಮ್ಮ ಒಪ್ಪಿಗೆ ಪಡೆಯಬೇಕು, 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹರಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ವಿಧಿಯಡಿ ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ಯುಎಇಯಲ್ಲಿ ಕಾನೂನು ಇನ್ನೂ ಬಿಗಿ. ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನಂತೆ ಒಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಒಪ್ಪಿಗೆಯಿಲ್ಲದೆ ಫೋಟೊ ತೆಗೆದರೆ ಅಥವಾ ಹಂಚಿದರೆ ಕನಿಷ್ಠ ಆರು ತಿಂಗಳ ಜೈಲು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡ, ಇವುಗಳಲ್ಲಿ ಒಂದು ಅಥವಾ ಎರಡೂ ಬೀಳಬಹುದು. ತಮಾಷೆಗೆಂದು ರೂಮಿನ ಗೆಳೆಯನ ವಿಡಿಯೊ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಆದರೆ ಒಂದು ಮಾತು ಗಮನಿಸಿ. 2023ರ ಕಾಯ್ದೆ ಕಂಪೆನಿ ಮತ್ತು ಸಂಸ್ಥೆಗಳಿಗೆ ಅನ್ವಯಿಸುತ್ತದೆಯೇ ಹೊರತು, ಒಬ್ಬ ವ್ಯಕ್ತಿ ತನ್ನ ಸ್ವಂತ ಹಾಗೂ ಮನೆಯ ವ್ಯವಹಾರಕ್ಕಾಗಿ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಕುಟುಂಬದ ಗ್ರೂಪಿನಲ್ಲಿ ನಾದಿನಿಯ ಫೋಟೊ ಹಾಕಿದವರನ್ನು ಆ ಕಾಯ್ದೆ ಕೇಳುವುದಿಲ್ಲ. ಕಾನೂನು ನಿಲ್ಲುವ ಆ ಜಾಗದಲ್ಲೇ ತಕ್ವಾದ ಕೆಲಸ ಶುರುವಾಗುತ್ತದೆ.

ಮೊದಲು ಒಂಟೆಯನ್ನು ಕಟ್ಟೋಣ

ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ, ಮೊದಲು ಕಟ್ಟು, ಬಳಿಕ ಭರವಸೆ ಇಡು ಎಂದು ಪ್ರವಾದಿ(ಸ) ಕಲಿಸಿದ್ದು ನಮಗೆಲ್ಲ ಗೊತ್ತು. ನಮ್ಮ ಒಂಟೆಯನ್ನು ಕಟ್ಟುವ ಕೆಲವು ಹಗ್ಗಗಳು ಹೀಗಿವೆ.

ವಾಟ್ಸ್ಯಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ದೃಢೀಕರಣ ಎಂಬುದಿದೆ. ಆರು ಅಂಕಿಯ ಪಿನ್ ಹಾಕಿಡಿ. ಒಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ, ಅಣ್ಣನ ನಂಬರಿನಿಂದಲೇ ಕೇಳಿದರೂ ಕೊಡಬೇಡಿ. ಅಣ್ಣನ ಖಾತೆ ಕಳ್ಳನ ಕೈಯಲ್ಲಿರಬಹುದು, ಕರೆ ಮಾಡಿ ಅವನ ದನಿ ಕೇಳಿ ವಿಚಾರಿಸಿ. ಲಿಂಕ್ಡ್ ಡಿವೈಸಸ್ ಎಂಬಲ್ಲಿ ತಿಂಗಳಿಗೊಮ್ಮೆ ನೋಡಿ, ಪರಿಚಯವಿಲ್ಲದ ಸಾಧನ ಕಂಡರೆ ಲಾಗ್‌ಔಟ್ ಮಾಡಿ. ಡಿಪಿಯನ್ನು ನಿಮ್ಮ ಪಟ್ಟಿಯಲ್ಲಿರುವವರು ಮಾತ್ರ ನೋಡುವಂತೆ, ಗ್ರೂಪಿಗೆ ಗುರುತಿಲ್ಲದವರು ಸೇರಿಸದಂತೆ ಬದಲಾಯಿಸಿಕೊಳ್ಳಿ. ವಾಟ್ಸ್ಯಾಪ್ ಸಂದೇಶಗಳನ್ನು ದಾರಿಯಲ್ಲಿ ಯಾರೂ ಓದಲಾರರು ಎಂಬುದು ನಿಜ. ಆದರೆ ತಲುಪಿದ ಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆಯುವವನಿಂದ ಯಾವ ತಂತ್ರಜ್ಞಾನವೂ ಕಾಪಾಡದು.

ಸಾಲದ ಆ್ಯಪ್‌ಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಬಡ್ಡಿ ಹರಾಮ್ ಎಂಬುದು ಒಂದು ಕಡೆ. ಇನ್ನೊಂದು ಕಡೆ, ಫೋನಿನಲ್ಲಿರುವ ನಂಬರುಗಳನ್ನೂ ಫೋಟೊಗಳನ್ನೂ ಎತ್ತಿಕೊಂಡು, ಬಂಧುಬಳಗಕ್ಕೆಲ್ಲ ತಿರುಚಿದ ಚಿತ್ರ ಕಳುಹಿಸಿ ಮಾನ ಕಳೆದ ಪ್ರಕರಣಗಳು ದೇಶದ ತುಂಬ ನಡೆದಿವೆ. ಸಾಲದ ಆ್ಯಪ್‌ಗಳು ನಂಬರಿನ ಪಟ್ಟಿ, ಫೋಟೊ, ಕರೆಗಳ ವಿವರಕ್ಕೆ ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಸೂಚಿಸಿದೆ. ಹಾಗೆ ಕೇಳುವ ಆ್ಯಪ್ ಕಂಡರೆ ಅದು ಮೋಸ ಎಂದೇ ತಿಳಿಯಿರಿ. ಹಳೆಯ ಫೋನನ್ನು ಮಾರುವ ಮೊದಲು ಅದರಲ್ಲಿರುವುದನ್ನೆಲ್ಲ ಪೂರ್ತಿ ಅಳಿಸಿ.

ಮದುವೆ ಹಾಲ್‌ನ ಮಹಿಳೆಯರ ವಿಭಾಗದಲ್ಲಿ ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕುವ ಅಭ್ಯಾಸ ನಿಲ್ಲಲಿ. ನೀವು ತೆಗೆದದ್ದು ವಧುವಿನ ವಿಡಿಯೊ ಆಗಿರಬಹುದು, ಆದರೆ ಹಿಂದೆ ಕುಳಿತ ಹತ್ತು ಮಂದಿ ಸಹೋದರಿಯರು ಅದಕ್ಕೆ ಒಪ್ಪಿಲ್ಲ. ನಿಕಾಹ್‌ಗೆಂದು ಬಂದ ಹುಡುಗಿಯ ಬಯೋಡಾಟಾ ಮತ್ತು ಫೋಟೊ ನೋಡಿದ ಮೇಲೆ, ಸಂಬಂಧ ಬೇಡವೆಂದಾದರೆ, ಅದೇ ದಿನ ಅಳಿಸಿಬಿಡಿ. ಮಕ್ಕಳ ಫೋಟೊ ಹಾಕುವಾಗ ಶಾಲೆಯ ಹೆಸರು, ಸಮವಸ್ತ್ರ, ಮನೆಯ ಗುರುತು ಕಾಣದಂತೆ ನೋಡಿಕೊಳ್ಳಿ. ಸ್ನಾನ ಮಾಡಿಸುವಾಗಿನ, ಅಳುವಾಗಿನ ಚಿತ್ರಗಳು ಬೇಡವೇ ಬೇಡ. ಇಂದು ಅವು ಮುದ್ದಾಗಿ ಕಾಣುತ್ತವೆ. ಅದೇ ಮಗು ನಾಳೆ ಕಾಲೇಜಿಗೆ ಹೋಗುತ್ತದೆ.

ಗಂಡ ಹೆಂಡತಿಯ ನಡುವಿನ ಗುಟ್ಟನ್ನು ಹೊರಗೆ ಹೇಳುವವನು ಅಂತ್ಯದಿನದಂದು ಅತಿ ಕೆಟ್ಟ ಸ್ಥಾನದಲ್ಲಿರುವವರ ಪೈಕಿ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಜಗಳವಾದಾಗ ಹಳೆಯ ಚಾಟ್‌ಗಳನ್ನು ತವರಿಗೂ ಗೆಳೆಯರಿಗೂ ಕಳುಹಿಸುವವರು ಇದನ್ನು ಕೇಳಿಸಿಕೊಳ್ಳಲಿ. ಹೆತ್ತವರಿಗೂ ಒಂದು ಮಾತು. ಚಿಕ್ಕ ಮಕ್ಕಳ ಫೋನಿನ ಮೇಲೆ ನಿಗಾ ಇಡುವುದು ನಿಮ್ಮ ಹೊಣೆ. ಆದರೆ ಅದನ್ನು ಹೇಳಿಯೇ ಮಾಡಿ, ಕದ್ದು ಮಾಡಬೇಡಿ. ಕದ್ದು ನೋಡುವ ತಂದೆಯ ಮಗ ಕಲಿಯುವುದು ಇನ್ನೂ ಜಾಣತನದಿಂದ ಮುಚ್ಚಿಡುವುದನ್ನು.

ಅನಾಹುತ ಆಗಿಯೇಬಿಟ್ಟರೆ ತಡಮಾಡಬೇಡಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಫೋಟೊ ಅಥವಾ ಬೆದರಿಕೆಯ ವಿಷಯವಾದರೆ ಕೇಂದ್ರ ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಆ ಪೋರ್ಟಲ್‌ನಲ್ಲಿ ಹೆಸರು ತಿಳಿಸದೆಯೂ ಕೊಡಬಹುದು. ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಬೆದರಿಕೆಯ ಸಂದೇಶಗಳನ್ನು ಹೆದರಿ ಅಳಿಸಬೇಡಿ, ಅವೇ ಸಾಕ್ಷ್ಯ. ಬೆದರಿಸುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಒಮ್ಮೆ ಕೊಟ್ಟರೆ ಅವನು ಮತ್ತೆ ಬರುತ್ತಾನೆ.

ಸಹಾಯದ ಹೆಸರಿನಲ್ಲಿ ಮಾನ ತೆಗೆಯದಿರೋಣ

ಈಗ ಆ ತಾಯಿಯ ವಿಷಯಕ್ಕೆ ಮರಳೋಣ. ದಾನವನ್ನು ಬಹಿರಂಗವಾಗಿ ಕೊಡುವುದೂ ಒಳ್ಳೆಯದೇ, ಆದರೆ ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನೂ ಉತ್ತಮ ಎಂದು ಸೂರಃ ಅಲ್ ಬಕರಃ ಕಲಿಸುತ್ತದೆ. ಮಾನಕ್ಕಂಜಿ ಯಾರ ಬಳಿಯೂ ಬೇಡದ ಬಡವರನ್ನು ಅದೇ ಸೂರಃ ಗೌರವದಿಂದ ನೆನೆಯುತ್ತದೆ. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ, ದಾನವನ್ನು ನಿಷ್ಫಲಗೊಳಿಸಬೇಡಿ ಎಂದೂ ಎಚ್ಚರಿಸುತ್ತದೆ. ಹಾಗಿರುವಾಗ ರಮಝಾನಿನ ಕಿಟ್ ಹಿಡಿದು ತಲೆ ತಗ್ಗಿಸಿ ನಿಂತ ವಿಧವೆಯ ಫೋಟೊ ನಮ್ಮ ಪೇಜುಗಳಲ್ಲಿ ಏಕೆ? ಲೆಕ್ಕ ತೋರಿಸಬೇಕು ಎಂದರೆ ರಶೀದಿ ತೋರಿಸೋಣ, ಮುಖ ತೋರಿಸುವುದು ಬೇಡ.

ನಮ್ಮ ಜಮಾಅತ್ ಕಮಿಟಿಯವರೊಂದಿಗೆ ಕುಳಿತು ಕೆಲವು ನಿರ್ಧಾರ ಮಾಡಿದ್ದೇವೆ. ಇನ್ನು ಮುಂದೆ ಯಾವುದೇ ರೋಗಿಯ ಸಹಾಯಕ್ಕಾಗಿ ಹೊರಡುವ ಮನವಿಯಲ್ಲಿ ಮುಖ, ಪೂರ್ತಿ ಹೆಸರು, ಆಧಾರ್ ಅಥವಾ ವೈದ್ಯರ ವರದಿ ಇರುವುದಿಲ್ಲ. ದಾಖಲೆಗಳನ್ನು ಕಮಿಟಿಯ ಇಬ್ಬರು ನೋಡಿ ಖಚಿತಪಡಿಸಿಕೊಳ್ಳುತ್ತಾರೆ, ಜಮಾಅತ್ ಅದಕ್ಕೆ ಹೊಣೆ ನಿಲ್ಲುತ್ತದೆ. ಹಣ ಜಮಾಅತಿನ ಖಾತೆಗೇ ಬರುತ್ತದೆ. ಮನವಿಯ ಮೇಲೆ ಕೊನೆಯ ದಿನಾಂಕ ಇರುತ್ತದೆ. ಹಣ ಸೇರಿದ ದಿನ, ಸಾಕು, ಇದನ್ನು ಅಳಿಸಿ ಎಂಬ ಸಂದೇಶ ಹೋಗುತ್ತದೆ. ಮುಖ ನೋಡದಿದ್ದರೆ ಜನ ಕೊಡುವುದಿಲ್ಲ ಎಂದು ಒಬ್ಬರು ಸಂಶಯ ಪಟ್ಟರು. ಅಲ್ಲಾಹನಿಗಾಗಿ ಕೊಡುವವರಿಗೆ ಮಗುವಿನ ಕಣ್ಣೀರಿನ ಫೋಟೊ ಬೇಕಾಗುತ್ತದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಸಹೋದರರೇ, ಪ್ರವಾದಿ(ಸ) ಒಮ್ಮೆ ಸಹಾಬಿಗಳೊಂದಿಗೆ, ದಿವಾಳಿಯಾದವನು ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದ್ದರು. ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಬಂದರೂ, ಇನ್ನೊಬ್ಬರನ್ನು ನಿಂದಿಸಿದ, ಆರೋಪ ಹೊರಿಸಿದ ಕಾರಣಕ್ಕೆ ತನ್ನ ಪುಣ್ಯಗಳನ್ನೆಲ್ಲ ಅವರಿಗೆ ಹಂಚಿ ಬರಿಗೈಯಲ್ಲಿ ನಿಲ್ಲುವವನೇ ನಿಜವಾದ ದಿವಾಳಿ ಎಂದು ವಿವರಿಸಿದರು. ಜನರ ಹಕ್ಕಿನ ವಿಷಯದಲ್ಲಿ ತೌಬಾ ಮಾಡಿದರೆ ಸಾಲದು, ಆ ವ್ಯಕ್ತಿಯಲ್ಲೇ ಕ್ಷಮೆ ಕೇಳಬೇಕು. ಹಿಂದಿನವರು ಮನೆ ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ನಾವು ಫಾರ್ವರ್ಡ್ ಮಾಡಿದ ಎಷ್ಟು ಫೋಟೊಗಳ ಒಡೆಯರು ಯಾರೆಂದೇ ನಮಗೆ ಗೊತ್ತಿಲ್ಲ. ಯಾರ ಬಾಗಿಲಿಗೆ ಹೋಗೋಣ?

ನಮಗೆ ಗೊತ್ತಿರುವ ಬಾಗಿಲು ಒಂದಿತ್ತು. ಕಳೆದ ವಾರ ನಾವು ಆ ಊರಿಗೆ ಹೋಗಿ ಆ ಹೆಣ್ಣುಮಗಳ ತಂದೆ ತಾಯಿಯ ಮುಂದೆ ಕುಳಿತು ಕ್ಷಮೆ ಕೇಳಿ ಬಂದೆವು. ಅವರು ಕ್ಷಮಿಸಿದರು. ಮಗಳು ಒಳಗಿನಿಂದಲೇ, ನನ್ನ ವಿಷಯ ಬಿಡಿ ಉಸ್ತಾದರೇ, ಇನ್ನೊಂದು ಮಗುವಿಗೆ ಹೀಗಾಗದಂತೆ ನೋಡಿಕೊಳ್ಳಿ ಎಂದಳು. ಅವಳಿಗೆ ಕೊಟ್ಟ ಮಾತಿನಂತೆ ಇಂದು ಈ ವಿಷಯವನ್ನು ನಿಮ್ಮ ಮುಂದಿಟ್ಟಿದ್ದೇವೆ.

ಇವತ್ತು ಮನೆಗೆ ಹೋದ ಮೇಲೆ ಫೋನಿನ ಗ್ಯಾಲರಿಯನ್ನು ತೆರೆದು ನೋಡಿ. ನಿಮ್ಮದಲ್ಲದ ಫೋಟೊ, ನಿಮಗೆ ಬೇಡದ ವರದಿ, ಯಾರದೋ ಆಧಾರ್ ಕಾರ್ಡ್, ಮುಗಿದುಹೋದ ಮನವಿ ಇದ್ದರೆ ಅಳಿಸಿ. ಇನ್ನೊಬ್ಬರ ಕುಂದನ್ನು ಮುಚ್ಚಿದವನ ಕುಂದನ್ನು ಅಲ್ಲಾಹನು ಇಹದಲ್ಲೂ ಪರದಲ್ಲೂ ಮುಚ್ಚುತ್ತಾನೆ ಎಂಬುದು ಪ್ರವಾದಿ(ಸ) ನೀಡಿದ ಶುಭವಾರ್ತೆ.

ಯಾ ಅಲ್ಲಾಹ್, ನಮ್ಮ ಕುಂದುಗಳನ್ನು ಮುಚ್ಚು. ನಮ್ಮ ಮನೆಗಳ, ನಮ್ಮ ಮಕ್ಕಳ ಮಾನವನ್ನು ಕಾಪಾಡು. ಇನ್ನೊಬ್ಬರ ಅಮಾನತನ್ನು ಕಾಯುವ ಶಕ್ತಿ ಕೊಡು. ಗೊತ್ತಿದ್ದೋ ಗೊತ್ತಿಲ್ಲದೆಯೋ ನಮ್ಮಿಂದ ನೊಂದವರ ಮನಸ್ಸಿಗೆ ಸಮಾಧಾನ ಕೊಡು, ಅವರಿಗೆ ನಮ್ಮಿಂದ ತಪ್ಪಿಹೋದದ್ದಕ್ಕಿಂತ ಉತ್ತಮವಾದುದನ್ನು ಕರುಣಿಸು. ಆಮೀನ್.